ಮೂಳೆಯಲ್ಲಿಲ್ಲದ್ದು ಗೋಡೆಯಲ್ಲಿದೆ

1

ದಲಿತ ವಿಮರ್ಶೆ ಎಂದ ಕೂಡಲೇ ನಮ್ಮಲ್ಲಿ ಕತೆ, ಕಾವ್ಯ, ಆತ್ಮಕಥೆಗಳ ಮಾತು ಶುರುವಾಗುತ್ತದೆ. ಅದು ಆಗಬೇಕಾದದ್ದೇ. ಆದರೆ ವಿಮರ್ಶೆಗೆ ಒಡ್ಡಬೇಕಾದ ಪಠ್ಯ ಪುಸ್ತಕದೊಳಗೆ ಮಾತ್ರ ಇರುವುದಿಲ್ಲ. ಒಂದು ಊರು ತನ್ನ ಹಳೆಯ ಪಾತ್ರೆ, ಕತ್ತಿ, ನಾಣ್ಯ, ಕಾಗದಗಳನ್ನು ಗಾಜಿನ ಪೆಟ್ಟಿಗೆಯಲ್ಲಿಟ್ಟು, ಕೆಳಗೊಂದು ಚೀಟಿ ಅಂಟಿಸಿ, 'ನೋಡಿ, ನಾವು ಹೀಗಿದ್ದೆವು' ಎಂದು ಹೇಳಿಕೊಳ್ಳುತ್ತದಲ್ಲ, ಅದೂ ಪಠ್ಯವೇ. ಅದಕ್ಕೂ ಲೇಖಕನಿದ್ದಾನೆ, ಓದುಗನಿದ್ದಾನೆ. ಏನನ್ನು ತೋರಿಸಬೇಕು, ಏನನ್ನು ಬಿಡಬೇಕು ಎಂಬ ಲೆಕ್ಕಾಚಾರವೂ ಇದೆ. ಒಂದು ಕಾದಂಬರಿಯನ್ನು ಓದುವಷ್ಟು ಎಚ್ಚರದಿಂದ ನಾವು ಈ ಚೀಟಿಗಳನ್ನು ಓದಿಲ್ಲ ಎಂಬುದು ನನ್ನ ತಕರಾರು.

ಇಲ್ಲಿ ನಾನು ನೋಡಹೊರಟಿರುವುದು ಯುರೋಪಿನ ಹಳೆಯ ಚರ್ಚುಗಳಲ್ಲಿ ನೆಲೆ ಕಂಡಿರುವ ಊರ ಚರಿತ್ರೆಯನ್ನು. ಅಲ್ಲಿ ಪ್ಯಾರಿಷ್ ಚರ್ಚು ಅಂದರೆ ಒಂದು ಊರಿಗೋ ಕೆಲವು ಊರುಗಳಿಗೋ ಸೇರಿದ ಚರ್ಚು. ಅದು ಪ್ರಾರ್ಥನೆಯ ಮನೆಯೂ ಹೌದು, ಊರಿನ ಲೆಕ್ಕದ ಪುಸ್ತಕವೂ ಹೌದು. ಹುಟ್ಟಿದ ಮಗುವಿಗೆ ದೀಕ್ಷಾಸ್ನಾನ ಅಲ್ಲಿ, ಮದುವೆ ಅಲ್ಲಿ, ಸತ್ತರೆ ಹೂಳುವುದು ಅದರ ಅಂಗಳದಲ್ಲಿ. ಇಂಗ್ಲೆಂಡಿನಲ್ಲಿ 1538ರಲ್ಲಿ ಈ ಮೂರನ್ನೂ ಪ್ರತಿ ಚರ್ಚೂ ಬರೆದಿಡಬೇಕೆಂದು ಕಟ್ಟಳೆಯೇ ಆಯಿತು. 20ನೇ ಶತಮಾನದಲ್ಲಿ ಪ್ರಾರ್ಥನೆಗೆ ಬರುವವರು ಕಡಿಮೆಯಾಗಿ ಎಷ್ಟೋ ಚರ್ಚುಗಳು ಬಾಗಿಲು ಹಾಕಿದವು. ಹಾಗೆ ಖಾಲಿಯಾದ ಕೆಲವು ಕಟ್ಟಡಗಳಿಗೆ ಊರಿನ ಚರಿತ್ರೆಯೇ ಬಂದು ಕೂತಿತು.

'ಅಲ್ಲಿಗೂ ನಮ್ಮ ಕೇರಿಗೂ ಏನಪ್ಪಾ ಸಂಬಂಧ?' ಎಂದು ಕೇಳುವವರಿದ್ದಾರೆ. ಸಂಬಂಧ ಇದೆ. ಅಸ್ಪೃಶ್ಯತೆಯ ಮೂಲ ಹುಡುಕುತ್ತಾ ಅಂಬೇಡ್ಕರ್ ಕೂಡ ಆ ಕಡೆ ಹೋಗಿ ಬಂದವರೇ. 1948ರಲ್ಲಿ ಬಂದ 'ದಿ ಅನ್‌ಟಚಬಲ್ಸ್' ಪುಸ್ತಕದಲ್ಲಿ ಅವರು ಐರ್ಲೆಂಡಿನ ಫ್ಯುಯಿದಿರ್, ವೇಲ್ಸ್‌ನ ಆಲ್ಟ್ಯೂಡ್ ಎಂಬ ಜನರ ಉದಾಹರಣೆ ಕೊಡುತ್ತಾರೆ. ಬುಡಕಟ್ಟಿನಿಂದ ಚದುರಿಹೋಗಿ, ಬೇರೆಯವರ ಊರಿನ ಹೊರಗೆ ನೆಲೆ ಕೇಳಿಕೊಂಡು ಬದುಕಿದ ಜನ ಅವರು. ಊರ ಹೊರಗಿನ ವಾಸ ಭಾರತದಲ್ಲಿ ಮಾತ್ರ ಕಂಡ ಸಂಗತಿಯಲ್ಲ. ಅಲ್ಲಿ ಅದು ಕಾಲಕ್ರಮದಲ್ಲಿ ಅಳಿಯಿತು, ಇಲ್ಲಿ ಏಕೆ ಅಳಿಯಲಿಲ್ಲ ಎಂಬುದು ಬಾಬಾಸಾಹೇಬರ ಪ್ರಶ್ನೆ. ಆ ಪ್ರಶ್ನೆಯ ಬೆಳಕಿನಲ್ಲೇ ನಾನು ಈ ಚರ್ಚುಗಳ ಕಡೆ ನೋಡುತ್ತಿದ್ದೇನೆ. ನಾನು ಅಲ್ಲಿಗೆ ಹೋದವನಲ್ಲ, ಓದಿ ತಿಳಿದವನು. ಎರಡು ಕಡೆಯ ಸಂಗತಿ ಹೇಳುತ್ತೇನೆ. ಒಂದು ಇಂಗ್ಲೆಂಡಿನದು, ಇನ್ನೊಂದು ಫ್ರಾನ್ಸ್-ಸ್ಪೇನ್ ಗಡಿಯದು. ಮೊದಲನೆಯದರಲ್ಲಿ ಮೂಳೆ ಇದೆ, ಎರಡನೆಯದರಲ್ಲಿ ಗೋಡೆ ಇದೆ.

2

ಇಂಗ್ಲೆಂಡಿನ ಪೂರ್ವ ಭಾಗದಲ್ಲಿ ಹಂಬರ್ ಎಂಬ ಅಗಲವಾದ ನದೀಮುಖ. ಅದರ ದಕ್ಷಿಣ ದಂಡೆಯಲ್ಲಿ ಬಾರ್ಟನ್ ಎಂಬ ಸಣ್ಣ ಪಟ್ಟಣ. ಅಲ್ಲಿನ ಸೇಂಟ್ ಪೀಟರ್ ಚರ್ಚಿನ ಗೋಪುರಕ್ಕೆ ಸುಮಾರು ಸಾವಿರ ವರ್ಷ ವಯಸ್ಸು. 19ನೇ ಶತಮಾನದ ಆರಂಭದಲ್ಲಿ ಥಾಮಸ್ ರಿಕ್‌ಮನ್ ಎಂಬ ವಾಸ್ತುಶಿಲ್ಪಿ ಈ ಗೋಪುರವನ್ನು ನೋಡಿ, ಇದರ ಮೇಲಿನ ಅಂತಸ್ತು ನಾರ್ಮನ್ನರ ಶೈಲಿಯಲ್ಲಿದೆ, ಹಾಗಾದರೆ ಕೆಳಗಿನ ಅಂತಸ್ತುಗಳು ಅವರಿಗಿಂತ ಹಿಂದಿನವೇ ಆಗಿರಬೇಕು ಎಂದು ತರ್ಕಿಸಿದ. ಸ್ಯಾಕ್ಸನ್ ಕಾಲದ ಕಟ್ಟಡ ಹೇಗಿರುತ್ತದೆಂದು ಇಂಗ್ಲಿಷರು ಗುರುತಿಸಲು ಕಲಿತದ್ದರಲ್ಲಿ ಈ ಗೋಪುರದ ಪಾಲು ದೊಡ್ಡದು. ಅಲ್ಲಿಂದ ಮುಂದೆ ನೂರೈವತ್ತು ವರ್ಷಕ್ಕೂ ಹೆಚ್ಚು ಕಾಲ ವಿದ್ವಾಂಸರು ಬಂದರು, ಗೋಪುರದ ಕಲ್ಲು ಅಳೆದರು, ಕಮಾನಿನ ಚಿತ್ರ ಬರೆದುಕೊಂಡರು, ಹೋದರು. ಆ ಕಲ್ಲಿನ ಬುಡದಲ್ಲಿ ಮಲಗಿದ್ದವರ ಬಗ್ಗೆ ಯಾರೂ ಕೇಳಲಿಲ್ಲ.

ಹತ್ತಿರದಲ್ಲೇ ಸೇಂಟ್ ಮೇರಿ ಎಂಬ ಇನ್ನೊಂದು ಚರ್ಚಿದ್ದ ಕಾರಣ 1970ರ ದಶಕದಲ್ಲಿ ಸೇಂಟ್ ಪೀಟರ್ ಚರ್ಚನ್ನು ಪ್ರಾರ್ಥನೆಗೆ ಬೇಡವೆಂದು ಬಿಟ್ಟರು. ಅದು ಸರ್ಕಾರದ ರಕ್ಷಣೆಗೆ ಬಂತು. 1978ರಿಂದ 1984ರವರೆಗೆ ವಾರ್ವಿಕ್ ರಾಡ್‌ವೆಲ್ ಎಂಬ ಪುರಾತತ್ವಜ್ಞರ ನೇತೃತ್ವದಲ್ಲಿ ಚರ್ಚಿನ ಒಳಗೂ ಹೊರಗೂ ಅಗೆದರು. ಸುಮಾರು 2,750 ಮಂದಿಯ ಅಸ್ಥಿಗಳು ಸಿಕ್ಕವು. ಅತಿ ಹಳೆಯದು 10ನೇ ಶತಮಾನದ್ದು, ಇತ್ತೀಚಿನದು 19ನೇ ಶತಮಾನದ್ದು. ಒಂದೇ ಊರಿನ ಸುಮಾರು ಒಂಬೈನೂರು ವರ್ಷದ ಜನ! ನೆಲದಲ್ಲಿ ನೀರು ನಿಂತ ಕಡೆ ಸ್ಯಾಕ್ಸನ್ ಕಾಲದ ಮರದ ಶವಪೆಟ್ಟಿಗೆಗಳು ಕೂಡ ಕೊಳೆಯದೆ ಉಳಿದಿದ್ದವು. ಮೂಳೆಗಳನ್ನು ವೈದ್ಯ ವಿಜ್ಞಾನಿಗಳು ವರ್ಷಗಟ್ಟಲೆ ಓದಿದರು. ಆಮೇಲೆ, ಇವರು ಈ ಊರಿನವರು, ಈ ನೆಲದಲ್ಲೇ ಇರಬೇಕು ಎಂದು ಅವನ್ನು ಅದೇ ಚರ್ಚಿಗೆ ತಂದು, ಒಳಗೆ ಒಂದು ಅಸ್ಥಿಕೋಣೆ ಮಾಡಿ ಇಟ್ಟರು. 2008ರಲ್ಲಿ ಚರ್ಚು ಪ್ರದರ್ಶನಾಲಯವಾಗಿ ಮತ್ತೆ ತೆರೆಯಿತು. ಇಂಗ್ಲಿಷ್ ಹೆರಿಟೇಜ್ ಸಂಸ್ಥೆ ಅದನ್ನು ನೋಡಿಕೊಳ್ಳುತ್ತದೆ.

ಈ ಪ್ರದರ್ಶನದ ದೊಡ್ಡಗುಣವನ್ನು ಮೊದಲು ಒಪ್ಪಿಕೊಳ್ಳಬೇಕು. ಚರ್ಚುಗಳಲ್ಲಿ ಸಾಮಾನ್ಯವಾಗಿ ಕಣ್ಣಿಗೆ ಬೀಳುವುದು ಜಮೀನ್ದಾರನ ಅಮೃತಶಿಲೆಯ ಗೋರಿ, ಸೇನಾಪತಿಯ ಹೆಸರಿನ ಹಿತ್ತಾಳೆ ಫಲಕ. ಇಲ್ಲಿ ಕಥಾನಾಯಕರು ಹೆಸರಿಲ್ಲದವರು. ಬಾಲ್ಯದಲ್ಲೇ ಸತ್ತ ಮಕ್ಕಳು, ಕೀಲುನೋವಿನ ಮುದುಕಿಯರು, ಮುರಿದ ಮೂಳೆ ಅಡ್ಡಾದಿಡ್ಡಿ ಕೂಡಿಕೊಂಡ ಗಂಡಸರು. ರಾಜರ ವಂಶಾವಳಿಯೇ ಚರಿತ್ರೆ ಎಂದು ಕಲಿಸಿಕೊಂಡು ಬಂದ ನಮಗೆ, ಊರಿನ ಮೈಯ ನೋವನ್ನೇ ಊರಿನ ಚರಿತ್ರೆ ಎಂದು ತೋರಿಸಬಹುದು ಎನ್ನುವುದು ಸಣ್ಣ ಪಾಠವಲ್ಲ.

ಇಷ್ಟಾದ ಮೇಲೂ ಎರಡು ಮಾತು ಉಳಿಯುತ್ತವೆ. ಒಂದು, ಮೂಳೆ ಎಲ್ಲವನ್ನೂ ಹೇಳುವುದಿಲ್ಲ. ಬಾರ್ಟನ್ ಮೂಳೆಗಳ ಸಂಪುಟವನ್ನು 2007ರಲ್ಲಿ ಪ್ರಕಟಿಸಿದ ಟೋನಿ ವಾಲ್ಡ್ರನ್ ಒಂದು ಎಚ್ಚರಿಕೆಯನ್ನು ತಮ್ಮ ಬರಹಗಳಲ್ಲಿ ಕೊಡುತ್ತಲೇ ಬಂದವರು. ಕೀಲು ಸವೆದದ್ದನ್ನು ನೋಡಿ ಈತ ನೇಕಾರ, ಈತ ಉಳುವವನು ಎಂದು ಹೇಳಲು ಬರುವುದಿಲ್ಲ ಎನ್ನುತ್ತಾರೆ ಅವರು. ಅಂದರೆ ಕಸುಬು ಮೂಳೆಯಲ್ಲಿ ಬರೆದುಕೊಂಡಿರುವುದಿಲ್ಲ. ಕಸುಬೇ ಬರೆದಿಲ್ಲ ಅಂದಮೇಲೆ ಆ ಕಸುಬಿನವನನ್ನು ಊರು ಎಲ್ಲಿ ಕೂರಿಸುತ್ತಿತ್ತು ಎಂಬುದು ಎಲ್ಲಿ ಬರೆದಿರುತ್ತದೆ?

ಇನ್ನೊಂದು, ಈ 2,750ರಲ್ಲಿ ಇಲ್ಲದವರು. ಚರ್ಚಿನ ಅಂಗಳ ಪವಿತ್ರ ನೆಲ. ಆ ನೆಲಕ್ಕೆ ಯಾರನ್ನು ಬಿಟ್ಟುಕೊಳ್ಳಬೇಕು ಎಂಬ ನಿಯಮವಿತ್ತು. ದೀಕ್ಷಾಸ್ನಾನವಾಗದೆ ಸತ್ತ ಕೂಸಿಗೆ ಅಲ್ಲಿ ಜಾಗವಿರಲಿಲ್ಲ. ಆತ್ಮಹತ್ಯೆ ಮಾಡಿಕೊಂಡವನೆಂದು ತೀರ್ಮಾನವಾದವನನ್ನು ಇಂಗ್ಲೆಂಡಿನಲ್ಲಿ ದಾರಿ ಕೂಡುವ ಕಡೆ ಹೂಳುತ್ತಿದ್ದರು, ಎದೆಗೆ ಗೂಟ ಹೊಡೆಯುವುದೂ ಇತ್ತು. 1823ರ ಕಾಯಿದೆ ಬಂದಮೇಲೆ ಅದು ನಿಂತಿತು. ಅಗೆದವರು ಎಷ್ಟೇ ಪ್ರಾಮಾಣಿಕರಾದರೂ ಅಂಗಳದೊಳಗೆ ಬಿಟ್ಟುಕೊಂಡವರನ್ನು ಮಾತ್ರ ಅಂಗಳದಲ್ಲಿ ಅಗೆದು ತೆಗೆಯಬಹುದು. ಬಿಟ್ಟುಕೊಳ್ಳದವರ ಲೆಕ್ಕ ಅಂಗಳದ ಗೋಡೆಯ ಆಚೆಗಿದೆ. ಸ್ಮಶಾನಕ್ಕೆ ಜಾಗವಿಲ್ಲದೆ ಹೆಣ ಹೊತ್ತುಕೊಂಡು ಹಳ್ಳದ ದಂಡೆಗೋ ರಸ್ತೆ ಬದಿಗೋ ಹೋಗುವ ಕೇರಿಗಳು ಇರುವ ನಾಡಿನವರಾದ ನಮಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ.

3

ಅಂಗಳದ ಆಚೆ ಉಳಿದವರ ಮಾತಾಯಿತು. ಚರ್ಚಿನೊಳಗೇ ಬಂದೂ ಹೊರಗೇ ಉಳಿದವರು ಇನ್ನೊಂದು ಕಡೆ ಇದ್ದರು. ಫ್ರಾನ್ಸ್ ಮತ್ತು ಸ್ಪೇನಿನ ನಡುವಿನ ಪಿರೆನೀಸ್ ಬೆಟ್ಟಸಾಲಿನ ಎರಡೂ ಬದಿಯ ಹಳ್ಳಿಗಳಲ್ಲಿ ಶತಮಾನಗಳ ಕಾಲ ಒಂದು ಜನವನ್ನು ಮುಟ್ಟದೆ ದೂರ ಇಟ್ಟಿದ್ದರು. ಫ್ರಾನ್ಸಿನ ಕಡೆ ಅವರನ್ನು ಕಾಗೋ ಎಂದರು, ಸ್ಪೇನಿನ ನವಾರ್ರಾದಲ್ಲಿ ಅಗೋತೆ ಎಂದರು. ಹಳೆಯ ಕಾಗದಗಳಲ್ಲಿ ಕ್ರೆಸ್ತಿಯಾ ಎಂಬ ಹೆಸರೂ ಇದೆ, ಅಂದರೆ 'ಕ್ರೈಸ್ತ' ಎಂದೇ. ಕ್ರೈಸ್ತರ ನಾಡಿನಲ್ಲಿ ಕ್ರೈಸ್ತ ಎಂಬುದೇ ಬೈಗುಳವಾದದ್ದು ಹೇಗೆ ಎಂದು ಯೋಚಿಸಬೇಕು.

ಇವರ ವಾಸ ಊರಿಂದ ಬೇರೆ, ತಮ್ಮದೇ ಕೇರಿಯಲ್ಲಿ. ಮದುವೆ ತಮ್ಮತಮ್ಮಲ್ಲೇ. ಬಟ್ಟೆಯ ಮೇಲೆ ಬಾತುಕೋಳಿ ಪಾದದ ಆಕಾರದ ಕೆಂಪು ಗುರುತು ಹಾಕಿಕೊಳ್ಳಬೇಕೆಂದು ಕಟ್ಟಳೆ. ಬರಿಗಾಲಲ್ಲಿ ನಡೆಯಕೂಡದು, ದಾರಿ ಮೈಲಿಗೆಯಾಗುತ್ತದೆ. ಕಸುಬು ಹೆಚ್ಚಾಗಿ ಮರಗೆಲಸ. ಮರಕ್ಕೆ ಮೈಲಿಗೆ ತಾಗುವುದಿಲ್ಲ ಎಂಬುದು ನಂಬಿಕೆಯಾಗಿತ್ತೋ, ಕೆಲಸ ಬೇಕಾದವರ ಅನುಕೂಲವಾಗಿತ್ತೋ ಯಾರಿಗೆ ಗೊತ್ತು! ಬೆಯಾರ್ನ್ ಸೀಮೆಯ ದೊರೆ ಗಸ್ತೋನ್ ಫೆಬುಸ್ ತನ್ನ ಮೊಂತನೇರ್ ಕೋಟೆಯ ಮರಗೆಲಸಕ್ಕೆ 1379ರಲ್ಲಿ ಇವರೊಂದಿಗೇ ಒಪ್ಪಂದ ಮಾಡಿಕೊಂಡ. ಚರ್ಚುಗಳ ಮರಗೆಲಸಕ್ಕೂ ಇದೇ ಕೈಗಳು ಬೇಕಿದ್ದವು.

ಈಗ ಆ ಚರ್ಚುಗಳ ಒಳಗೆ ಬನ್ನಿ. ಕಾಗೋಗಳಿಗೆ ಪಕ್ಕದಲ್ಲಿ ಒಂದು ಸಣ್ಣ, ಗಿಡ್ಡ ಬಾಗಿಲು. ತೀರ್ಥದ ನೀರಿನ ಬೋಗುಣಿ ಬೇರೆ. ಕೂರುವ ಜಾಗ ಬೇರೆ, ಹಿಂದೆ ಅಥವಾ ಮೂಲೆಯಲ್ಲಿ. ಪ್ರಸಾದದ ರೊಟ್ಟಿಯನ್ನು ಪಾದ್ರಿ ಕೈಯಲ್ಲಿ ಕೊಡದೆ ಕೋಲಿನ ತುದಿಗಿಟ್ಟು ಚಾಚುತ್ತಿದ್ದದ್ದೂ ಇತ್ತಂತೆ. ಸತ್ತರೆ ಗೋರಿಗೂ ಬೇರೆ ಮೂಲೆ. ಜನನದ ಪುಸ್ತಕದಲ್ಲಿ ಮಗುವಿನ ಹೆಸರಿನ ಪಕ್ಕದಲ್ಲೇ 'ಕಾಗೋ' ಎಂಬ ಷರಾ. ಹುಟ್ಟಿದ ದಿನವೇ ಹಣೆಬರಹ ಬರೆಯಲು ವಿಧಾತ ಬೇಕಾಗಿರಲಿಲ್ಲ, ಚರ್ಚಿನ ಗುಮಾಸ್ತ ಸಾಕಾಗಿದ್ದ. ಚರ್ಚಿನ ತೊಲೆಯನ್ನು ಕೆತ್ತಿ ಮೇಲಕ್ಕೇರಿಸಿದ ಕೈ ಅದೇ ಚರ್ಚಿನ ನೀರನ್ನು ಮುಟ್ಟುವಂತಿರಲಿಲ್ಲ.

ಈ ಗುರುತುಗಳಲ್ಲಿ ಹಲವು ಇಂದಿಗೂ ಇವೆ. ಸೇಂಟ್ ಸಾವಿನ್ ಎಂಬ ಬೆಟ್ಟದ ಹಳ್ಳಿಯ ಚರ್ಚು ಒಂದು ಕಾಲಕ್ಕೆ ದೊಡ್ಡ ಮಠವಾಗಿದ್ದು, ಫ್ರೆಂಚ್ ಕ್ರಾಂತಿಯಲ್ಲಿ ಮಠ ಹೋಗಿ ಊರಿನ ಚರ್ಚಾಗಿ ಉಳಿಯಿತು. ಅಲ್ಲಿ ಎರಡು ಕಲ್ಲಿನ ಮನುಷ್ಯಾಕೃತಿಗಳು ಹೊತ್ತು ನಿಂತ ಒಂದು ಬೋಗುಣಿಯನ್ನು 'ಕಾಗೋಗಳ ಬೋಗುಣಿ' ಎಂದು ತೋರಿಸುತ್ತಾರೆ. ಒಲೊರೋನ್ ಪಟ್ಟಣದ ಹಳೆಯ ಕೆಥೆಡ್ರಲ್‌ನಲ್ಲೂ ಅಂಥದೊಂದಿದೆ. ಕಾಗೋ ಬಾಗಿಲು ಎಂದು ಹೆಸರಾದವುಗಳನ್ನು ಎಣಿಸಿದವರು ಅರವತ್ತರ ಹತ್ತಿರ ಲೆಕ್ಕ ಕೊಡುತ್ತಾರೆ. ಕೆಲವನ್ನು ಕಲ್ಲಿಟ್ಟು ಮುಚ್ಚಿದ್ದಾರೆ. ಇವುಗಳಲ್ಲಿ ಕೆಲವು ಬರೀ ಪಕ್ಕದ ಬಾಗಿಲುಗಳಿರಬಹುದು, ಮೇಲಿಂದ ಕಥೆ ಅಂಟಿಸಿದ್ದಿರಬಹುದು ಎನ್ನುವ ವಿದ್ವಾಂಸರೂ ಇದ್ದಾರೆ. ಇರಲಿ. ಆದರೆ ಚರ್ಚಿನೊಳಗಿನ ಈ ಬೇರ್ಪಡೆಯನ್ನು ಅವರೇ ಮಠಾಧಿಪತಿಗಳ ಮುಂದೆ, ನ್ಯಾಯಾಲಯಗಳ ಮುಂದೆ ಪ್ರಶ್ನಿಸಿದ ಕಾಗದಗಳಿವೆ. ಕಲ್ಲು ಸುಳ್ಳು ಹೇಳಿದರೂ ಅರ್ಜಿ ಸುಳ್ಳು ಹೇಳಲಾರದು.

4

ಈ ಸಂಗತಿಯನ್ನು ತರಗತಿಯಲ್ಲಿ ಹೇಳಿದಾಗ ಹುಡುಗರು ಕೇಳುವ ಮೊದಲ ಪ್ರಶ್ನೆ ಒಂದೇ: 'ಸಾರ್, ಅವರು ಯಾವ ಜನ?' ದಲಿತ ಹುಡುಗರೂ ಅದನ್ನೇ ಕೇಳುತ್ತಾರೆ. ಆಶ್ಚರ್ಯ ಪಡಬೇಕಾಗಿಲ್ಲ. ಯುರೋಪಿನ ಪಂಡಿತರೂ ನಾನೂರು ವರ್ಷ ಇದನ್ನೇ ಕೇಳಿದರು.

ಉತ್ತರಗಳಿಗೇನೂ ಬರ ಬರಲಿಲ್ಲ. ಕಾಗೋಗಳು ಗೋಥ್ ಎಂಬ ಹಳೆಯ ಆಕ್ರಮಣಕಾರರ ಸಂತತಿ ಎಂದರು ಕೆಲವರು. 8ನೇ ಶತಮಾನದಲ್ಲಿ ಸೋತು ಹಿಂದೆ ಉಳಿದ ಅರಬ್ಬರ ಮಕ್ಕಳು ಎಂದರು ಕೆಲವರು. ಕುಷ್ಠರೋಗಿಗಳ ವಂಶ ಎಂದರು. ಬೈಬಲ್ಲಿನಲ್ಲಿ ಪ್ರವಾದಿ ಎಲೀಷನ ಶಾಪದಿಂದ ಕುಷ್ಠ ತಗುಲಿಸಿಕೊಂಡ ಸೇವಕ ಗೇಹಜಿಯ ಪೀಳಿಗೆ ಎಂದೂ ಹೇಳಿದರು. ಬಾಣನ ಕೆಲಸ ಮನು ಮಾಡಲಿ, ಮನುವಿನ ಕೆಲಸ ಪುರಾಣ ಮಾಡಲಿ, ಕೆಲಸ ಮಾತ್ರ ಒಂದೇ: ತುಳಿದದ್ದಕ್ಕೆ ತುಳಿಸಿಕೊಂಡವನ ಮೂಲದಲ್ಲೇ ಕಾರಣ ಹುಡುಕುವುದು. 1847ರಲ್ಲಿ ಫ್ರಾನ್ಸಿಸ್ಕ್ ಮಿಶೆಲ್ ಇವರ ಬಗ್ಗೆ ಎರಡು ಸಂಪುಟದ ದೊಡ್ಡ ಪುಸ್ತಕ ತಂದ. ದಾಖಲೆಗಳನ್ನು ಕಷ್ಟಪಟ್ಟು ಕೂಡಿಹಾಕಿದ ಪುಸ್ತಕ ಅದು. ಆದರೂ ಹೆಸರಿಟ್ಟದ್ದು 'ಶಾಪಗ್ರಸ್ತ ಕುಲಗಳ ಚರಿತ್ರೆ' ಎಂದು. ಶಾಪ ಕೊಟ್ಟವರ ಚರಿತ್ರೆ ಆ ಹೆಸರಿನಲ್ಲಿ ಇಲ್ಲ.

ಮೈಯಲ್ಲಿ ಏನಾದರೂ ಇದೆಯೇ ಎಂದೂ ನೋಡಿದರು. 1600ರಲ್ಲಿ ತುಲೂಸ್ ನಗರದ ವೈದ್ಯರು ಕೆಲವು ಕಾಗೋಗಳನ್ನು ಪರೀಕ್ಷೆ ಮಾಡಿದರು, ರಕ್ತವನ್ನೂ ತೆಗೆದು ನೋಡಿದರು. ಕುಷ್ಠವಿಲ್ಲ, ಯಾವ ರೋಗವೂ ಇಲ್ಲ, ಎಲ್ಲರಂತೆ ಆರೋಗ್ಯವಂತರು ಎಂದು ವರದಿ ಕೊಟ್ಟರು. ಭಾಷೆ ಊರಿನವರದೇ, ಧರ್ಮ ಊರಿನವರದೇ, ಮುಖ ಊರಿನವರದೇ. ಗುರುತು ಹಿಡಿಯಲು ಆಗದ ಕಾರಣಕ್ಕೇ ತಾನೆ ಬಾತುಕೋಳಿ ಪಾದ ಹೊಲಿಸಬೇಕಾಗಿ ಬಂದದ್ದು! ವೈದ್ಯರ ವರದಿ ಬಂತು, ಬಾಗಿಲು ಮಾತ್ರ ದೊಡ್ಡದಾಗಲಿಲ್ಲ.

ಇಲ್ಲಿಗೆ ಅಂಬೇಡ್ಕರರನ್ನು ತಂದು ನಿಲ್ಲಿಸಿ ನೋಡಿ. ನಾನು ಮೊದಲೇ ಹೇಳಿದ 1948ರ ಪುಸ್ತಕದ ಪೂರ್ತಿ ಹೆಸರಿನಲ್ಲಿ ಎರಡು ಪ್ರಶ್ನೆಗಳಿವೆ: ಅವರು ಯಾರಾಗಿದ್ದರು, ಅವರು ಏಕೆ ಅಸ್ಪೃಶ್ಯರಾದರು. ಮೊದಲನೆಯದನ್ನು ಎಲ್ಲರೂ ಕೇಳುತ್ತಾರೆ. ಎರಡನೆಯದರಲ್ಲಿ ಅಂಬೇಡ್ಕರ್ ಇದ್ದಾರೆ. ಜನಾಂಗ ಬೇರೆಯಾದ್ದರಿಂದ ಅಸ್ಪೃಶ್ಯರಾದರು ಎಂಬ ವಾದವನ್ನು ಅವರು ಎದುರಿಸುವ ರೀತಿಯೇ ಚೆನ್ನ. ಘುರ್ಯೆ ಅವರು ಕೂಡಿಸಿದ್ದ ಮೂಗಿನ ಅಳತೆಗಳನ್ನೇ ಎತ್ತಿಕೊಂಡು, ಬ್ರಾಹ್ಮಣರ ಅಳತೆಯನ್ನೂ ಅಸ್ಪೃಶ್ಯರ ಅಳತೆಯನ್ನೂ ಪಕ್ಕಪಕ್ಕ ಇಟ್ಟು, ಬ್ರಾಹ್ಮಣರು ಆರ್ಯರಾದರೆ ಅಸ್ಪೃಶ್ಯರೂ ಆರ್ಯರೇ, ಇವರು ದ್ರಾವಿಡರಾದರೆ ಅವರೂ ದ್ರಾವಿಡರೇ ಎಂಬ ತೀರ್ಮಾನಕ್ಕೆ ಬರುತ್ತಾರೆ. ಕಸುಬಿನಿಂದ ಬಂತು ಎಂಬ ವಾದವನ್ನೂ ಒಪ್ಪುವುದಿಲ್ಲ. ಕಾರಣವನ್ನು ಮೈಯಿಂದ ಕಿತ್ತು ಚರಿತ್ರೆಯ ಸಂಘರ್ಷಕ್ಕೆ, ಅಂದರೆ ದೂರ ಇಟ್ಟವರ ನಡವಳಿಕೆಗೆ ವರ್ಗಾಯಿಸುತ್ತಾರೆ.

ಬಾರ್ಟನ್ನಿನ ಮೂಳೆ, ತುಲೂಸಿನ ರಕ್ತ, ಘುರ್ಯೆಯವರ ಮೂಗಿನ ಅಳತೆ ಮೂರನ್ನೂ ಒಟ್ಟಿಗಿಟ್ಟು ನೋಡಿದರೆ ನನಗೆ ಕಾಣುವುದು ಇದು. ಮೈ ಏನನ್ನೂ ಹೇಳುವುದಿಲ್ಲ, ಏಕೆಂದರೆ ಮೈಯಲ್ಲಿ ಏನೂ ಇಲ್ಲ. ಇರುವುದು ಗೋಡೆಯಲ್ಲಿ. ಗಿಡ್ಡ ಬಾಗಿಲನ್ನು ಒಬ್ಬ ಕಲ್ಲುಕುಟಿಗ ಅಳತೆ ಹಾಕಿ ಕೊರೆದ. ಅದಕ್ಕೆ ಯಾರೋ ಹಣ ಕೊಟ್ಟರು, ಯಾರೋ ಒಪ್ಪಿಗೆ ಕೊಟ್ಟರು. ಆ ಲೆಕ್ಕ ಊರಿನದು. ಆದ್ದರಿಂದ ಬಾಗಿಲಿನ ಕೆಳಗೆ 'ಕಾಗೋಗಳು ಯಾರು ಎಂಬುದು ಇಂದಿಗೂ ನಿಗೂಢ' ಎಂಬ ಧಾಟಿಯ ಚೀಟಿ ಅಂಟಿಸಿದರೆ ಅದು ಚರಿತ್ರೆಯಲ್ಲ, ನುಣುಚಿಕೊಳ್ಳುವ ಉಪಾಯ. ಕಾಗೋಗಳಲ್ಲಿ ನಿಗೂಢ ಏನೂ ಇರಲಿಲ್ಲ. ನಿಗೂಢ ಇರುವುದು ಊರಿನವರಲ್ಲಿ.

5

ಯುರೋಪಿನವರಿಗೆ ಈ ಜನರನ್ನು ಕರೆಯಲು ಒಂದು ಪದ ಬೇಕಾಯಿತು. ಆ ಪದ ಹೋದದ್ದು ನಮ್ಮ ಕಡೆಯಿಂದ. 1876ರಲ್ಲಿ ರೋಶಾ ಎಂಬ ಫ್ರೆಂಚ್ ಲೇಖಕ ಕಾಗೋಗಳ ಮೇಲೆ ಬರೆದ ಪುಸ್ತಕದ ಹೆಸರು 'ಫ್ರಾನ್ಸ್ ಮತ್ತು ಸ್ಪೇನಿನ ಪರಿಯಾಗಳು'. ಪರೈ ಎಂಬ ತಮಟೆಯಿಂದ ಹುಟ್ಟಿದ ತಮಿಳು ಜಾತಿಹೆಸರು ಹಡಗು ಹತ್ತಿ ಹೋಗಿ, ಪ್ಯಾರಿಸ್ಸಿನ ಪುಸ್ತಕದ ಮುಖಪುಟದಲ್ಲಿ ಇಳಿಯಿತು. ಯುರೋಪಿಗೆ ಈ ಪದದ ಅರ್ಥ ಹೇಳಿಕೊಟ್ಟವರಲ್ಲಿ ಅಬ್ಬೆ ದುಬೋಯ್ ಒಬ್ಬ. ಟಿಪ್ಪು ಬಿದ್ದ ಮೇಲೆ ಮೈಸೂರು ಸೀಮೆಗೆ ಬಂದು, ಶ್ರೀರಂಗಪಟ್ಟಣದ ಸುತ್ತಮುತ್ತ ಕೆಲಸ ಮಾಡಿ, 1823ರಲ್ಲಿ ಮರಳಿ ಹೋದ ಫ್ರೆಂಚ್ ಪಾದ್ರಿ. ಇಲ್ಲಿನ ಜನರ ರೀತಿನೀತಿಗಳ ಬಗ್ಗೆ ಅವನು ಬರೆದ ಪುಸ್ತಕ 1816ರಲ್ಲಿ ಇಂಗ್ಲಿಷಿನಲ್ಲಿ, 1825ರಲ್ಲಿ ಫ್ರೆಂಚಿನಲ್ಲಿ ಬಂತು. ತಮ್ಮ ಬೆಟ್ಟದ ಹಳ್ಳಿಯ ಗಿಡ್ಡ ಬಾಗಿಲನ್ನು ಅರ್ಥ ಮಾಡಿಕೊಳ್ಳಲು ಫ್ರೆಂಚರಿಗೆ ನಮ್ಮ ಕೇರಿಯ ಹೆಸರು ಬೇಕಾಯಿತು ಎಂಬುದನ್ನು ನೆನಪಿಡಬೇಕು.

ಆ ಚರ್ಚು ಇಲ್ಲಿಗೆ ಬಂದಾಗ ಏನಾಯಿತು? ಫ್ರೆಂಚರ ಪುದುಚೇರಿಯ ಚರ್ಚಿನೊಳಗೆ ಪರೆಯ ಕ್ರೈಸ್ತರನ್ನು ಬೇರೆ ಮಾಡಲು ಒಂದು ಗೋಡೆಯೇ ಇತ್ತು. ದುಭಾಷಿ ಆನಂದರಂಗ ಪಿಳ್ಳೈ ತನ್ನ ದಿನಚರಿಯಲ್ಲಿ 1745ರಲ್ಲಿ ಇದನ್ನು ಬರೆದಿದ್ದಾನೆ. ಪರೆಯ ಕ್ರೈಸ್ತರು ಪ್ರತಿಭಟಿಸಿದರು, ಗೋಡೆ ಒಡೆಯಿತು, ಮೇಲುಜಾತಿಯ ಕ್ರೈಸ್ತರು ಸಿಟ್ಟಾದರು. ತಿರುನೆಲ್ವೇಲಿ ಸೀಮೆಯ ವಡಕ್ಕನ್‌ಕುಳಂ ಊರಿನಲ್ಲಂತೂ ವೆಳ್ಳಾಳರಿಗೂ ಅವರು ಕೀಳೆಂದು ಕಾಣುತ್ತಿದ್ದ ನಾಡಾರರಿಗೂ ಮುಖ ಕಾಣದಂತೆ, ಷರಾಯಿಯ ಎರಡು ಕಾಲಿನ ಹಾಗೆ ಎರಡು ಕವಲಾಗಿ ಚರ್ಚನ್ನೇ ಕಟ್ಟಿದರು. ಆ ಗೋಡೆ ಹೋದದ್ದು 1910ರಲ್ಲಿ. ಏಸುವಿನ ಶಿಲುಬೆ ಒಂದೇ, ಅದನ್ನು ನೋಡುವ ಕಣ್ಣಿಗೆ ಮಾತ್ರ ಎರಡು ದಾರಿ.

ಚರ್ಚಿನ ಮಾತು ಹೇಳಿ ದೇವಸ್ಥಾನದ ಮಾತು ಬಿಟ್ಟರೆ ಅದು ಮೋಸವಾದೀತು. ಮೇಲುಕೋಟೆಯಲ್ಲಿ ಹೊಲೆಯರಿಗೆ ವರ್ಷದಲ್ಲಿ ಮೂರು ದಿನ ಗುಡಿಯ ಪ್ರವೇಶವಿತ್ತು ಎಂಬುದನ್ನು ಹಳೆಯ ಮೈಸೂರು ಗೆಜೆಟಿಯರ್ ದಾಖಲಿಸಿದೆ, ಬೇಲೂರಿನಲ್ಲೂ ಅಂಥದ್ದೇ ಪದ್ಧತಿಯಿತ್ತು. ನಮ್ಮ ಪುಸ್ತಕಗಳು ಇದನ್ನು ಬರೆಯುವುದು ರಾಮಾನುಜಾಚಾರ್ಯರ ಔದಾರ್ಯದ ಕಥೆಯಾಗಿ. ತಿರುಕುಲ ಎಂಬ ಗೌರವದ ಹೆಸರು ಕೊಟ್ಟರು, ಹಕ್ಕು ಕೊಟ್ಟರು ಎಂದು. ಕೊಟ್ಟದ್ದನ್ನು ಅಲ್ಲಗಳೆಯುವುದು ಬೇಡ. ಆದರೆ ಉಳಿದ 362 ದಿನ ಆ ಬಾಗಿಲನ್ನು ಮುಚ್ಚಿ ಹಿಡಿದಿದ್ದ ಕೈ ಯಾವುದು? ಆ ಕೈಗೆ ನಮ್ಮ ಸ್ಥಳಪುರಾಣದಲ್ಲಿ ಹೆಸರಿಲ್ಲ. ಪಿರೆನೀಸಿನ ಚೀಟಿಯಲ್ಲಿ ನಿಗೂಢ ಎಂಬ ಪದ ಮಾಡುವ ಕೆಲಸವನ್ನು ನಮ್ಮ ಚೀಟಿಯಲ್ಲಿ ಔದಾರ್ಯ ಎಂಬ ಪದ ಮಾಡುತ್ತದೆ.

6

ಕಾಗೋಗಳು ಸುಮ್ಮನೆ ಕೂತಿರಲಿಲ್ಲ. 1514ರಲ್ಲಿ ನವಾರ್ರಾದ ಅಗೋತೆಗಳು ಪೋಪನಿಗೇ ದೂರು ಕೊಟ್ಟರು. 1515ರಲ್ಲಿ ಹತ್ತನೆಯ ಲಿಯೋ ಪೋಪ್ ಇವರನ್ನು ಇತರ ಭಕ್ತರಂತೆಯೇ ಕಾಣಬೇಕೆಂದು ಆಜ್ಞೆ ಹೊರಡಿಸಿದ. ಊರು ಕೇಳಲಿಲ್ಲ. 1683ರಲ್ಲಿ ಹದಿನಾಲ್ಕನೆಯ ಲೂಯಿ ದೊರೆ ಫ್ರಾನ್ಸಿನ ಕಾಗೋಗಳನ್ನು ಕಟ್ಟಳೆಗಳಿಂದ ಬಿಡಿಸಿದ, ಅದಕ್ಕೆ ಅವರಿಂದ ಹಣವನ್ನೂ ವಸೂಲಿ ಮಾಡಿದ. ಊರು ಕೇಳಲಿಲ್ಲ. 18ನೇ ಶತಮಾನದ ಆರಂಭದಲ್ಲಿ ಬೋರ್ಡೋ ನ್ಯಾಯಾಲಯ ಇವರನ್ನು ಆ ಹೆಸರಿನಿಂದ ಹಂಗಿಸಿದರೆ ದಂಡ ಎಂದಿತು. ಕೊನೆಗೆ 1789ರ ಕ್ರಾಂತಿ ಬಂತು. ಕಾಗದದ ಮೇಲಿನ ಸಮಾನತೆಗೂ ಊರಿನ ಬಾಗಿಲಿಗೂ ಇರುವ ಅಂತರವನ್ನು 1950ರ ನಂತರ ಹುಟ್ಟಿದ ನಾವು ಬಲ್ಲೆವು.

ಕ್ರಾಂತಿಯ ಗದ್ದಲದಲ್ಲಿ ಕಾಗೋಗಳು ಕಚೇರಿಗಳಿಗೆ ನುಗ್ಗಿ ತಮ್ಮ ಹೆಸರಿನ ಪಕ್ಕದಲ್ಲಿ ಷರಾ ಇದ್ದ ಪುಸ್ತಕಗಳನ್ನು ನಾಶ ಮಾಡಿದರು ಎಂಬ ಮಾತು ಆ ಸೀಮೆಯಲ್ಲಿ ಉಳಿದುಬಂದಿದೆ. ಊರು ಬಿಟ್ಟು ಹೋದರು, ಬೇರೆಯವರಲ್ಲಿ ಬೆರೆತರು, ಹೆಸರು ಮರೆಸಿದರು. ಮೈಯಲ್ಲಿ ಗುರುತಿಲ್ಲದವರಿಗೆ ಅದು ಸಾಧ್ಯವಾಯಿತು. ಬಿಡುಗಡೆ ಸಿಕ್ಕಿತು. ಆದರೆ ಆ ಬಿಡುಗಡೆಯ ಬೆಲೆ ಏನು? ಇವತ್ತು ಆ ಗಿಡ್ಡ ಬಾಗಿಲಿನ ಮುಂದೆ ನಿಂತು 'ಇದು ನನ್ನ ಮುತ್ತಜ್ಜನಿಗೆ ಮಾಡಿದ ಅವಮಾನ' ಎಂದು ಹೇಳುವವರು ವಿರಳ. ವಾರಸುದಾರರು ಇಲ್ಲದ ಕಡೆ ಅವಮಾನ ಕುತೂಹಲವಾಗುತ್ತದೆ. ಪ್ರವಾಸಿ ಅದನ್ನು ನೋಡಿ, ಬೆರಗಾಗಿ, ಫೋಟೊ ತೆಗೆದುಕೊಂಡು ಮುಂದಿನ ಊರಿಗೆ ಹೋಗುತ್ತಾನೆ.

ಇದಕ್ಕೆ ಅಪವಾದವೂ ಇದೆ. ನವಾರ್ರಾದ ಅರಿಸ್ಕುನ್ ಊರಿಗೆ ಅಂಟಿಕೊಂಡ ಬೊಸಾಟೆ ಎಂಬ ಕೇರಿ ಅಗೋತೆಗಳದು. ಅಲ್ಲಿ ಹುಟ್ಟಿದ ಶಿಲ್ಪಿ ಶಾಬಿಯೆರ್ ಸಾಂಚೊತೇನಾ ತಾನು ಅಗೋತೆ ಮೂಲದವನೆಂದು ಹೇಳಿಕೊಂಡೇ ಆ ಕೇರಿಯಲ್ಲಿ ತನ್ನ ಮರದ ಶಿಲ್ಪಗಳ ವಸ್ತುಸಂಗ್ರಹಾಲಯ ಕಟ್ಟಿದ್ದಾನೆ. ಶಿಕ್ಷೆಯಾಗಿ ಬಂದ ಮರಗೆಲಸವನ್ನು ಹೆಮ್ಮೆಯಾಗಿ ತಿರುಗಿಸಿಕೊಂಡವನು ಅವನು. ಊರು ಮಾಡಿದ ಪ್ರದರ್ಶನಕ್ಕೂ ಕೇರಿ ಮಾಡಿದ ಪ್ರದರ್ಶನಕ್ಕೂ ಇರುವ ವ್ಯತ್ಯಾಸ ಇಲ್ಲಿ ಕಾಣುತ್ತದೆ. ಊರಿನ ಪ್ರದರ್ಶನದಲ್ಲಿ ನಾವು ವಸ್ತು. ಕೇರಿಯ ಪ್ರದರ್ಶನದಲ್ಲಿ ನಾವು ಚೀಟಿ ಬರೆಯುವವರು.

ನಮ್ಮಲ್ಲಿ ಹೆಸರನ್ನು ಸುಟ್ಟು ಬೆರೆತುಹೋಗುವ ದಾರಿ ಇರಲಿಲ್ಲ. ಇದ್ದಿದ್ದರೆ ಹೋಗುತ್ತಿದ್ದೆವೇನೋ, ಅದನ್ನು ತಪ್ಪೆನ್ನಲು ನಾನು ಯಾರು? ನಗರಕ್ಕೆ ಹೋಗಿ ಹೆಸರಿನ ಬಾಲ ಬದಲಿಸಿಕೊಳ್ಳುವ ನಮ್ಮ ಹುಡುಗನ ಸಂಕಟವೂ ಕಚೇರಿಗೆ ನುಗ್ಗಿದ ಕಾಗೋನ ಸಂಕಟವೂ ಒಂದೇ. ಆದರೆ ಚಳವಳಿ ಇನ್ನೊಂದು ದಾರಿ ತೋರಿಸಿತು. ಬಚ್ಚಿಡಬೇಕಾಗಿದ್ದ ಗಾಯವನ್ನೇ ದಲಿತ ಎಂಬ ಹೆಸರಾಗಿ ಎತ್ತಿ ಹಿಡಿಯಿತು. ಹಾಗೆ ಎತ್ತಿ ಹಿಡಿದವರಿಗೆ ಚೀಟಿಗಳನ್ನು ತಿದ್ದುವ ಹಕ್ಕೂ ಇದೆ, ಹೊಣೆಯೂ ಇದೆ.

ಸ್ಥಳೀಯ ಚರಿತ್ರೆಯ ಹೆಸರಿನಲ್ಲಿ ತಾಲೂಕು ದರ್ಶನ, ಗ್ರಾಮಚರಿತ್ರೆಯ ಪುಸ್ತಕಗಳು ನಮ್ಮಲ್ಲಿ ಬರುತ್ತಲೇ ಇವೆ. ಅವುಗಳಲ್ಲಿ ಕೇರಿಗೆ ಒಂದು ಪುಟ ಸಿಗುತ್ತದೆ: ಇವರ ಮೂಲ, ಇವರ ಕುಲದೈವ, ಇವರ ಆಹಾರ, ಇವರ ತಮಟೆ. ಮತ್ತೆ ಅದೇ 'ಇವರು ಯಾರು?' ಕ್ಷೇತ್ರಕಾರ್ಯಕ್ಕೆ ಹೋಗುವ ವಿದ್ಯಾರ್ಥಿ ಮಿತ್ರರಲ್ಲಿ ನನ್ನ ವಿನಂತಿ ಇಷ್ಟೆ. ಕೇರಿಗೆ ಹೋಗಿ ಮೂಲ ಕೇಳುವ ಮೊದಲು ಊರಿಗೆ ಹೋಗಿ. ಬಾವಿಯ ಕಟ್ಟೆ ನೋಡಿ, ಎಲ್ಲಿಯವರೆಗೆ ಯಾರು ಬರುತ್ತಿದ್ದರು ಕೇಳಿ. ಗುಡಿಯ ಮೆಟ್ಟಿಲು ಎಣಿಸಿ, ಯಾವ ಮೆಟ್ಟಿಲಿಗೆ ಯಾರು ನಿಲ್ಲುತ್ತಿದ್ದರು ಕೇಳಿ. ಹೋಟೆಲಿನಲ್ಲಿ ಎರಡು ಲೋಟ ಇದ್ದವೇ, ಇವೆಯೇ, ಆ ಎರಡನೆಯ ಲೋಟವನ್ನು ಕೊಂಡು ತಂದವರು ಯಾರು ಎಂದು ಹೆಸರು ಹಿಡಿದು ಕೇಳಿ. ಉತ್ತರ ಕೊಡಲು ಹಿಂದೆಮುಂದೆ ನೋಡುತ್ತಾರೆ. ಆ ಹಿಂಜರಿಕೆಯನ್ನೂ ಬರೆದುಕೊಳ್ಳಿ, ಅದೂ ದಾಖಲೆಯೇ.

ಗಿಡ್ಡ ಬಾಗಿಲನ್ನು ಒಡೆದು ಹಾಕಬೇಕೆಂದು ನಾನು ಹೇಳುವುದಿಲ್ಲ. ಇರಲಿ ಅದು, ಇದ್ದ ಹಾಗೇ ಇರಲಿ. ಅದರ ಕೆಳಗಿನ ಚೀಟಿ ಮಾತ್ರ ಬದಲಾಗಬೇಕು. 'ಇದು ಕಾಗೋಗಳ ಬಾಗಿಲು' ಎಂದು ಬರೆದಿರುವ ಕಡೆ 'ಇದು ಈ ಊರು ಮಾಡಿದ ಬಾಗಿಲು' ಎಂದು ಬರೆಯಬೇಕು. ಅಲ್ಲಿಯೂ, ಇಲ್ಲಿಯೂ.